ತಲೆಯ ನಡುವೆ ನಿಂತ ರೈಲು

ರೈಲು ಎಡಗಿವಿಯಿಂದ ಬಂದು ಬಲಗಿವಿಯ ಕಡೆ ಹೋಗಬೇಕಿತ್ತು. ಹೋಗಲೇ ಇಲ್ಲ. ತಲೆಯ ನಟ್ಟನಡುವೆ ಎಲ್ಲಿಂದಲೋ ಹುಟ್ಟಿತು, ಅಲ್ಲೇ ಜೋರಾಯಿತು, ಅಲ್ಲೇ ಸಣ್ಣಗಾಗಿ ಕರಗಿಹೋಯಿತು.

ಅದು ತಮ್ಮ ಕಳಿಸಿದ ಒಂದು ಸ್ಟೀರಿಯೋ ರೆಕಾರ್ಡಿಂಗ್. "ಕಣ್ಣು ಮುಚ್ಕೊಂಡು ಕೇಳಕ್ಕಾ, ರೈಲು ಮುಖದ ಮುಂದೇನೇ ಹಾದು ಹೋದ ಹಾಗಿರತ್ತೆ" ಅಂದಿದ್ದ. ಎರಡು ಸಲ ಕೇಳಿದೆ. ಇಯರ್‌ಫೋನ್ ಅದಲು ಬದಲು ಮಾಡಿ ನೋಡಿದೆ. ರೈಲು ನಿಂತಲ್ಲೇ ನಿಂತಿತ್ತು. ಕೊನೆಗೆ ಫೋನಿನ ಸೆಟ್ಟಿಂಗ್ಸ್ ಕೆದಕಿದಾಗ ಸಿಕ್ಕಿತು: 'ಮೋನೋ ಆಡಿಯೋ' ಆನ್ ಆಗಿತ್ತು. ಎಡ, ಬಲ ಎರಡನ್ನೂ ಕಲಸಿ ಎರಡೂ ಕಿವಿಗೆ ಒಂದೇ ಸದ್ದು ಕೊಡುವ ಸ್ವಿಚ್ ಅದು. ಹಳೇ ಇಯರ್‌ಫೋನಿನ ಒಂದು ಕಡೆ ಕೆಟ್ಟುಹೋಗಿದ್ದಾಗ ನಾನೇ ಹಾಕಿದ್ದೆ. ಹೊಸದು ತಂದ ಮೇಲೆ ತೆಗೆಯುವುದು ಮರೆತೇಹೋಗಿತ್ತು.

ಸಣ್ಣ ವಿಷಯ ಅಲ್ವಾ? ನನಗೆ ಮಾತ್ರ ಹೊಟ್ಟೆಯೊಳಗೆ ಏನೋ ಜಾರಿದ ಹಾಗಾಯಿತು. ಯಾಕೆಂದರೆ ಅದಕ್ಕೂ ಮುಂಚಿನ ಮೂರು ವಾರ, ಪ್ರತಿ ರಾತ್ರಿ, ಇದೇ ಫೋನಿನಲ್ಲಿ ನಾನು 'ಬೈನಾರಲ್ ಬೀಟ್ಸ್' ಕೇಳುತ್ತಿದ್ದೆ. ಎರಡು ಕಿವಿಗೆ ಎರಡು ಬೇರೆ ಬೇರೆ ಸ್ವರ ಕೊಟ್ಟು, ಮಿದುಳಿನ ಎಡ ಬಲ ಭಾಗಗಳನ್ನು ಒಂದೇ ಲಯಕ್ಕೆ ತರುತ್ತೇವೆ ಅನ್ನುವ ಸದ್ದು. ಎರಡು ಕಿವಿಗೂ ಒಂದೇ ಸದ್ದು ಹೋಗಿದ್ದರೆ ಅದರ ಹೆಸರಿಗೇ ಅರ್ಥವಿಲ್ಲ. ಆದರೆ ಆ ಮೂರು ವಾರದ ನಡುವೆ ಒಂದು ರಾತ್ರಿ, ನನಗೆ ಅದುವರೆಗೆ ಯಾವತ್ತೂ ಆಗದಂಥದ್ದು ಒಂದು ಆಗಿತ್ತು.

ಆ ರಾತ್ರಿಯನ್ನು ಮೊದಲು ಹೇಳಿಬಿಡುತ್ತೇನೆ.

ಅದು ನಿದ್ದೆ ನನ್ನ ಜೊತೆ ಮುನಿಸಿಕೊಂಡಿದ್ದ ಕಾಲ. ಹಾಸಿಗೆಗೆ ಬಿದ್ದ ತಕ್ಷಣ ತಲೆ ಲೆಕ್ಕಪತ್ರ ತೆಗೆದು ಕೂರುತ್ತಿತ್ತು. ಈ ಸದ್ದನ್ನು ಕೊಟ್ಟವನೂ ತಮ್ಮನೇ. ಮಳೆಯ ಹಾಗೆ ಒಂದೇ ಸಮ ಸುರಿಯುವ ಶಬ್ದ, ಅದರ ಅಡಿಯಲ್ಲಿ 'ಊಂ' ಅನ್ನುವ ಒಂದು ಮಂದ್ರ. ಅಷ್ಟೇ. ಬೆನ್ನ ಮೇಲೆ ಮಲಗಿ, ಕಣ್ಣು ಮುಚ್ಚಿ ಕೇಳುತ್ತಿದ್ದೆ. ಸುಮಾರು ಇಪ್ಪತ್ತು ನಿಮಿಷ ಆಗಿರಬೇಕು. ಮೊದಲು ಕೈ ಮಾಯವಾಯಿತು. ಎಡಗೈಯನ್ನು ಹೊಟ್ಟೆಯ ಮೇಲಿಟ್ಟಿದ್ದೇನೆ ಅನ್ನುವುದು ಗೊತ್ತಿತ್ತು, ಆದರೆ ಹೊಟ್ಟೆಗೆ ಕೈಯ ಭಾರ ಇರಲಿಲ್ಲ, ಕೈಗೆ ಹೊಟ್ಟೆಯ ಬಿಸಿ ಇರಲಿಲ್ಲ. ಆಮೇಲೆ ಹಾಸಿಗೆ ತಲೆಯ ಕಡೆಯಿಂದ ನಿಧಾನಕ್ಕೆ ಮೇಲೆದ್ದಿತು. ದೋಣಿಯನ್ನು ನೀರಿಗೆ ತಳ್ಳುವಾಗ ಒಂದು ಕಡೆ ಏಳುತ್ತದಲ್ಲ, ಹಾಗೆ. ಹೆದರಿಕೆ ಆಗಲಿಲ್ಲ. 'ಓಹೋ, ಹೀಗಾಗುತ್ತಿದೆ' ಅಂತ ಪಕ್ಕದಲ್ಲಿ ನಿಂತು ನೋಡಿದ ಹಾಗಿತ್ತು. ಅಷ್ಟರಲ್ಲಿ ಯಾರೋ ಗೊರಕೆ ಹೊಡೆಯುವುದು ಕೇಳಿಸಿತು. ಯಾರಪ್ಪಾ ಇದು ಅಂದುಕೊಂಡೆ. ಗೊರಕೆ ನನ್ನದೇ.

ಮೈ ಮಲಗಿತ್ತು, ನಾನು ಎದ್ದಿದ್ದೆ. ಎಷ್ಟು ಹೊತ್ತು ಗೊತ್ತಿಲ್ಲ. ನಗು ಬಂತು, ನಕ್ಕ ತಕ್ಷಣ ಕೈ, ಹೊಟ್ಟೆ, ಹಾಸಿಗೆ ಎಲ್ಲ ವಾಪಸ್ ಬಂದವು.

ಬೆಳಗ್ಗೆ ತಮ್ಮನಿಗೆ ಫೋನ್ ಮಾಡಿ ಒಂದೇ ಉಸಿರಿನಲ್ಲಿ ಹೇಳಿದೆ. ಅವನಿಗೆ ಆಶ್ಚರ್ಯವೇ ಆಗಲಿಲ್ಲ. "ಅಕ್ಕಾ, ಅದಕ್ಕೆ ಅವರು ಫೋಕಸ್ ಹತ್ತು ಅಂತಾರೆ" ಅಂದ.

'ಅವರು' ಅಂದರೆ ರಾಬರ್ಟ್ ಮನ್ರೋ ಮತ್ತು ಅವರ ಶಿಷ್ಯರು. ಮನ್ರೋ ಸನ್ಯಾಸಿಯಲ್ಲ, ವಿಜ್ಞಾನಿಯೂ ಅಲ್ಲ. ಅಮೆರಿಕದಲ್ಲಿ ರೇಡಿಯೋ ಕಾರ್ಯಕ್ರಮ ತಯಾರಿಸಿ, ರೇಡಿಯೋ ವ್ಯಾಪಾರದಲ್ಲಿ ದುಡ್ಡು ಮಾಡಿದ ಮನುಷ್ಯ. 1915ರಲ್ಲಿ ಹುಟ್ಟಿದವರು. 1958ರಲ್ಲಿ, ನಲವತ್ತರ ಆಚೆ, ಇದ್ದಕ್ಕಿದ್ದ ಹಾಗೆ ತಾನು ತನ್ನ ಮೈಯಿಂದ ಹೊರಗೆ ತೇಲಿಹೋದ ಅನುಭವ ಆಗತೊಡಗಿತು ಎಂದು ಅವರು ಹೇಳಿಕೊಂಡಿದ್ದಾರೆ. ಬೇರೆಯವರಾದರೆ ದೇವರನ್ನೋ ವೈದ್ಯರನ್ನೋ ಹುಡುಕಿಕೊಂಡು ಹೋಗಿ ಸುಮ್ಮನಾಗುತ್ತಿದ್ದರು. ಇವರು ರೇಡಿಯೋದವರು. ಕೈಗೆ ಸಿಕ್ಕಿದ್ದು ಟೇಪು, ಸ್ಪೀಕರು, ಹೆಡ್‌ಫೋನು. ಸದ್ದಿನಿಂದಲೇ ಈ ಸ್ಥಿತಿಗೆ ಬೇರೆಯವರನ್ನೂ ಕಳಿಸಬಹುದಾ ಅಂತ ಹೊರಟರು. ವರ್ಜೀನಿಯಾ ರಾಜ್ಯದಲ್ಲಿ ಒಂದು ಸಂಸ್ಥೆ ಕಟ್ಟಿದರು. ಅಲ್ಲಿ ಬಂದವರು ಕತ್ತಲೆಯ ಸಣ್ಣ ಗೂಡಿನಂಥ ಹಾಸಿಗೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಮಲಗುತ್ತಾರೆ. ಆ ತಂತ್ರದ ಹೆಸರು 'ಹೆಮಿ-ಸಿಂಕ್'. ಮಿದುಳಿನ ಎರಡು ಹೋಳುಗಳನ್ನು ಜೊತೆಗೂಡಿಸುವುದು ಅಂತ ಅರ್ಥ. ಒಳಗಿನ ಸ್ಥಿತಿಗಳಿಗೆ ಅವರು ಅಂಕಿಯಲ್ಲೇ ಹೆಸರಿಟ್ಟರು. ಫೋಕಸ್ 10 ಅಂದರೆ ಮೈ ಮಲಗಿದೆ, ಮನಸ್ಸು ಎದ್ದಿದೆ. ಆಮೇಲೆ 12, 15, 21 ಅಂತ ಏರುತ್ತಾ ಹೋಗುತ್ತದೆ. ಹತ್ತಕ್ಕಿಂತ ಕೆಳಗಿನ ಅಂಕಿಗಳಲ್ಲಿ ಏನಿದೆ ಅಂತ ಕೇಳಬೇಡಿ. ಮೆಟ್ಟಿಲು ಎಣಿಸುವವರಿಗೆ ಎಲ್ಲಿಂದಾದರೂ ಶುರು ಮಾಡುವ ಸ್ವಾತಂತ್ರ್ಯ ಇರುತ್ತದೆ.

ಈ ಸದ್ದಿನ ಮೂಲ ಮನ್ರೋಗಿಂತ ತುಂಬ ಹಳೆಯದು. ತಂತಿವಾದ್ಯ ಶ್ರುತಿ ಮಾಡುವುದನ್ನು ಹತ್ತಿರದಿಂದ ಕೇಳಿದ್ದರೆ ಅರ್ಧ ವಿಷಯ ನಿಮಗೆ ಗೊತ್ತೇ ಇದೆ. ಎರಡು ತಂತಿ ಹೆಚ್ಚು ಕಮ್ಮಿ ಒಂದೇ ಸ್ವರಕ್ಕೆ ಬಂದು, ಇನ್ನೂ ಕೂದಲೆಳೆಯಷ್ಟು ವ್ಯತ್ಯಾಸ ಉಳಿದಾಗ 'ವಾಂವ್ ವಾಂವ್ ವಾಂವ್' ಅಂತ ಸದ್ದು ಉಬ್ಬಿ ಇಳಿಯುತ್ತದೆ. ಬಿರಡೆ ತಿರುಗಿಸುತ್ತಾ ಹೋದ ಹಾಗೆ ಆ ಅಲೆ ನಿಧಾನವಾಗಿ, ಎರಡೂ ಪೂರ್ತಿ ಸೇರಿದಾಗ ನಿಂತುಹೋಗುತ್ತದೆ. ಒಂದು ತಂತಿ ಸೆಕೆಂಡಿಗೆ 200 ಸಲ, ಇನ್ನೊಂದು 207 ಸಲ ಕಂಪಿಸಿದರೆ ಅಲೆ ಸೆಕೆಂಡಿಗೆ 7 ಸಲ. ಈ ಅಲೆಗೇ 'ಬೀಟ್' ಅನ್ನುವುದು. ಇದು ಗಾಳಿಯಲ್ಲೇ ಇರುತ್ತದೆ. ಮೈಕಿನಲ್ಲಿ ಹಿಡಿಯಬಹುದು.

1839ರಲ್ಲಿ ಹೈನ್‌ರಿಖ್ ವಿಲ್‌ಹೆಲ್ಮ್ ಡೋವ್ ಅನ್ನುವ ಪ್ರಷ್ಯಾದ ಭೌತವಿಜ್ಞಾನಿ ಒಂದು ವಿಚಿತ್ರ ಗಮನಿಸಿದ. ಒಂದು ಸ್ವರ ಎಡಗಿವಿಗೆ ಮಾತ್ರ, ಇನ್ನೊಂದು ಬಲಗಿವಿಗೆ ಮಾತ್ರ ಕೊಟ್ಟರೆ, ಗಾಳಿಯಲ್ಲಿ ಅವು ಎಲ್ಲೂ ಬೆರೆಯುವುದೇ ಇಲ್ಲ. ಆದರೂ ಅಲೆ ಕೇಳಿಸುತ್ತದೆ! ಯಾವ ಮೈಕಿಗೂ ಸಿಗದ ಸದ್ದು. ಕೇಳುವವನ ತಲೆಯೊಳಗೆ ಮಾತ್ರ ಇರುವ ಸದ್ದು. ಡೋವ್ ಹವಾಮಾನ ಶಾಸ್ತ್ರಕ್ಕೆ ಜಾಸ್ತಿ ಹೆಸರಾದವನು. ಈ ಸಂಗತಿ ಬಹುಕಾಲ ಒಂದು ಮೋಜಿನ ವಿಷಯವಾಗಿಯೇ ಉಳಿಯಿತು. 1973ರಲ್ಲಿ ಜೆರಾಲ್ಡ್ ಆಸ್ಟರ್ ಅನ್ನುವ ಸಂಶೋಧಕ ಸೈಂಟಿಫಿಕ್ ಅಮೆರಿಕನ್ ಪತ್ರಿಕೆಯಲ್ಲಿ ಇದರ ಮೇಲೆ ಬರೆದ ಲೇಖನದಿಂದ ಮತ್ತೆ ಜೀವ ಬಂತು.

ಇದು ಹೇಗೆ ಸಾಧ್ಯ? ನನಗೆ ಈ ಇಡೀ ವಿಷಯದಲ್ಲಿ ತುಂಬಾ ಇಷ್ಟವಾದ ಭಾಗ ಇದೇ.

ಎಡಗಡೆ ಯಾರೋ ಚಿಟಿಕೆ ಹೊಡೆದರೆ ಆ ಸದ್ದು ಎಡಗಿವಿಗೆ ಮೊದಲು, ಬಲಗಿವಿಗೆ ಆಮೇಲೆ ಮುಟ್ಟುತ್ತದೆ. 'ಆಮೇಲೆ' ಅಂದರೆ ಎಷ್ಟು? ಹೆಚ್ಚೆಂದರೆ ಒಂದು ಸೆಕೆಂಡಿನ ಹತ್ತು ಸಾವಿರ ಭಾಗದಲ್ಲಿ ಆರೇಳು ಭಾಗ. ತಲೆಯ ಅಗಲ ದಾಟಲು ಸದ್ದಿಗೆ ಬೇಕಾಗುವುದು ಅಷ್ಟೇ. ಅಷ್ಟು ಸಣ್ಣ ಅಂತರವನ್ನು ಅಳೆದು, 'ಸದ್ದು ಎಡಗಡೆಯಿಂದ ಬಂತು' ಅಂತ ಮಿದುಳು ತೀರ್ಮಾನಿಸುತ್ತದೆ. ಈ ಲೆಕ್ಕ ನಡೆಯುವುದು ಮೇಲಿನ ದೊಡ್ಡ ಮಿದುಳಿನಲ್ಲಿ ಅಲ್ಲ. ಕತ್ತಿನ ಹತ್ತಿರ, ಮಿದುಳ ಕಾಂಡದಲ್ಲಿ, ಸುಪೀರಿಯರ್ ಆಲಿವ್ ಅನ್ನುವ ನರಕೋಶಗಳ ಪುಟ್ಟ ಗಂಟಿನಲ್ಲಿ. ಎರಡು ಕಿವಿಯ ಸುದ್ದಿ ಮೊದಲ ಸಲ ಭೇಟಿಯಾಗುವ ಜಾಗ ಅದು. ಅಲ್ಲಿನ ಕೋಶಗಳು ಒಂದೊಂದು ಕಿವಿಯಿಂದ ಬಂದ ಮಿಡಿತಗಳನ್ನು ಒಂದರ ಮೇಲೊಂದು ಇಟ್ಟು ತಾಳೆ ನೋಡುತ್ತವೆ.

ಈಗ ಎಡಗಿವಿಗೆ 200, ಬಲಗಿವಿಗೆ 207 ಕೊಡಿ. ಒಂದು ಕ್ಷಣ ಎರಡೂ ಅಲೆ ಜೊತೆಯಲ್ಲಿ. ಮರುಕ್ಷಣ ಒಂದು ಸ್ವಲ್ಪ ಮುಂದೆ. ಇನ್ನೂ ಮುಂದೆ. ಸುತ್ತಿ ಬಂದು ಮತ್ತೆ ಜೊತೆಯಲ್ಲಿ. ಪಾಪ, ದಿಕ್ಕು ಹುಡುಕುವ ಆ ಗಂಟಿಗೆ ಇದು ತನ್ನನ್ನು ಮೋಸ ಮಾಡಲು ಹೂಡಿದ ಆಟ ಅಂತ ಹೇಗೆ ಗೊತ್ತಾಗಬೇಕು? ಸದ್ದು ತಲೆಯ ಸುತ್ತ ಸೆಕೆಂಡಿಗೆ ಏಳು ಸಲ ಓಡಾಡುತ್ತಿದೆ ಅಂತ ಅದು ವರದಿ ಒಪ್ಪಿಸುತ್ತದೆ. ಅಷ್ಟು ವೇಗದ ಓಡಾಟ ನಮಗೆ ಓಡಾಟವಾಗಿ ತಿಳಿಯುವುದಿಲ್ಲ, ನಡುಕವಾಗಿ ಕೇಳಿಸುತ್ತದೆ. ಸ್ವರ ಸಾವಿರ ಹರ್ಟ್ಜ್, ಅಂದರೆ ಸೆಕೆಂಡಿಗೆ ಸಾವಿರ ಕಂಪನ, ದಾಟಿ ಮೇಲೆ ಹೋದಂತೆಲ್ಲ ಈ ನಡುಕ ಮಾಯವಾಗುತ್ತದೆ. ಅಷ್ಟು ವೇಗದ ಅಲೆಯ ಒಂದೊಂದು ಏರಿಳಿತವನ್ನೂ ಹಿಂಬಾಲಿಸುವುದು ನರಗಳಿಗೆ ಕಷ್ಟ. ಎರಡರ ನಡುವಿನ ಅಂತರ ಮೂವತ್ತು ಹರ್ಟ್ಜ್ ದಾಟಿದರೂ ಅಷ್ಟೇ, ಎರಡು ಬೇರೆ ಸ್ವರ ಅಂತ ಕೇಳತೊಡಗುತ್ತದೆ.

ಇಲ್ಲಿಯವರೆಗೆ ಯಾರದ್ದೂ ತಕರಾರಿಲ್ಲ. ತಕರಾರು ಶುರುವಾಗುವುದು ಮುಂದಿನ ಹೆಜ್ಜೆಯಲ್ಲಿ.

1924ರಲ್ಲಿ ಜರ್ಮನಿಯ ಹಾನ್ಸ್ ಬರ್ಗರ್ ಮೊದಲ ಸಲ ಮನುಷ್ಯರ ತಲೆಯ ಮೇಲಿಂದ ಮಿದುಳಿನ ವಿದ್ಯುತ್ತನ್ನು ದಾಖಲಿಸಿದರು. 1929ರಲ್ಲಿ ಪ್ರಕಟಿಸಿದರು. ಎಚ್ಚರವಿದ್ದು ಕಣ್ಣು ಮುಚ್ಚಿ ಸುಮ್ಮನಿದ್ದರೆ ಸೆಕೆಂಡಿಗೆ ಹತ್ತರ ಆಸುಪಾಸಿನ ಅಲೆ ಎದ್ದು ಕಾಣುತ್ತದೆ. ಅದಕ್ಕೆ ಆಲ್ಫಾ ಅಂತ ಹೆಸರಾಯಿತು. ತೂಕಡಿಸುವಾಗ 4ರಿಂದ 8ರ ಥೀಟಾ, ಗಾಢ ನಿದ್ದೆಯಲ್ಲಿ ಅದಕ್ಕಿಂತ ನಿಧಾನದ ಡೆಲ್ಟಾ. ಇದನ್ನು ನೋಡಿದವರಿಗೆ ಒಂದು ಆಸೆ ಹುಟ್ಟಿತು. ಥೀಟಾ ಬಂದಾಗ ಮಂಪರು ಬರುತ್ತದೆ ಅಂತಾದರೆ, ಹೊರಗಿನಿಂದ ಥೀಟಾ ಲಯ ಕೊಟ್ಟು ಮಂಪರು ತರಿಸಬಹುದಲ್ಲ? ಆದರೆ 7 ಹರ್ಟ್ಜ್ ಸ್ವರ ಕಿವಿಗೆ ಕೇಳುವುದೇ ಇಲ್ಲ. ನಮ್ಮ ಕಿವಿ ಶುರುವಾಗುವುದೇ ಸುಮಾರು 20ರಿಂದ. ಹಾಗಾಗಿ ಡೋವ್‌ನ ಆಟ ಇವರಿಗೆ ಹಿತ್ತಲ ಬಾಗಿಲಾಯಿತು. 200 ಮತ್ತು 207 ಕೊಡು, 7ನ್ನು ಮಿದುಳೇ ಮಾಡಿಕೊಳ್ಳುತ್ತದೆ.

ಆಸೆಯೇನೋ ಚೆನ್ನಾಗಿದೆ. ಆದರೆ ಮಳೆ ಬಂದಾಗ ಕೊಡೆ ಬಿಚ್ಚುತ್ತೇವೆ ಅಂತ ಕೊಡೆ ಬಿಚ್ಚಿದರೆ ಮಳೆ ಬರುವುದಿಲ್ಲವಲ್ಲ.

ಎರಡು ಹೋಳುಗಳ ವಿಷಯಕ್ಕೆ ಬರೋಣ. ಹೆಮಿ-ಸಿಂಕ್ ಕಥೆಯಲ್ಲಿ ನಮ್ಮ ತಲೆಯೊಳಗೆ ಎರಡು ಪ್ರಾಣಿಗಳಿವೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯುತ್ತದೆ. ಎಡದ್ದು ಲೆಕ್ಕದ ಗುಮಾಸ್ತ, ಬಲದ್ದು ಕವಿ. ಎರಡನ್ನೂ ಒಂದೇ ನೊಗಕ್ಕೆ ಕಟ್ಟಿದರೆ ಬೇರೆಯೇ ಲೋಕ ತೆರೆದುಕೊಳ್ಳುತ್ತದೆ. ಕೇಳಲು ಚೆಂದ. ಈ ಚಿತ್ರ ಹುಟ್ಟಿದ್ದಕ್ಕೆ ಒಂದು ಗಟ್ಟಿ ಕಾರಣವೂ ಇತ್ತು. ತೀವ್ರ ಅಪಸ್ಮಾರ ಇದ್ದ ಕೆಲವರಿಗೆ ಎರಡು ಹೋಳುಗಳ ನಡುವಿನ ಸೇತುವೆ ಕತ್ತರಿಸುವ ಶಸ್ತ್ರಚಿಕಿತ್ಸೆ ಮಾಡುತ್ತಿದ್ದರು. ಅಂಥವರನ್ನು ಪರೀಕ್ಷಿಸಿದ ರೋಜರ್ ಸ್ಪೆರಿ, ಮಾತು ಹೆಚ್ಚಾಗಿ ಎಡದ್ದು, ಜಾಗ ಆಕಾರಗಳ ಕೆಲಸದಲ್ಲಿ ಬಲದ್ದು ಮುಂದು ಅಂತ ತೋರಿಸಿಕೊಟ್ಟರು. 1981ರಲ್ಲಿ ನೊಬೆಲ್ ಬಂತು. ಜನ ಅದನ್ನು ಎಳೆದು ಎಳೆದು 'ನೀನು ಎಡ ಮಿದುಳಿನವನು, ನಾನು ಬಲ ಮಿದುಳಿನವಳು' ಅನ್ನುವವರೆಗೆ ತಂದರು. 2013ರಲ್ಲಿ ಯೂಟಾ ವಿಶ್ವವಿದ್ಯಾಲಯದವರು ಸಾವಿರಕ್ಕೂ ಹೆಚ್ಚು ಜನರ ಮಿದುಳಿನ ಸ್ಕ್ಯಾನ್‌ಗಳನ್ನು ಪರಿಶೀಲಿಸಿ ನೋಡಿದರು. ಒಂದು ಇಡೀ ಹೋಳು ಜಾಸ್ತಿ ಬಲವಾಗಿರುವ ಮನುಷ್ಯರು ಅಂತ ಒಂದು ಪಂಗಡ ಸಿಗಲಿಲ್ಲ.

ಸ್ಪೆರಿ ಪರೀಕ್ಷಿಸಿದವರಿಗೆ ಸೇತುವೆ ಕತ್ತರಿಸಿತ್ತು. ನಮ್ಮ ನಿಮ್ಮಲ್ಲಿ ಆ ಸೇತುವೆ ಇದೆ, ಸುಮಾರು 20 ಕೋಟಿ ನರತಂತುಗಳ ಸೇತುವೆ. ಎಡ ಬಲ ಹೋಳುಗಳು ಈಗಾಗಲೇ ಹಗಲೂ ರಾತ್ರಿ ಮಾತಾಡಿಕೊಂಡೇ ಇವೆ. ಇನ್ನೂ ಒಂದು ಮಾತಿದೆ. 'ಎಡಗಿವಿಯ ಸದ್ದು ಬಲ ಹೋಳಿಗೆ, ಬಲಗಿವಿಯದ್ದು ಎಡ ಹೋಳಿಗೆ, ಎರಡೂ ಸೇರಿ ಕೆಲಸ ಮಾಡಿದರೆ ಮಾತ್ರ ಬೀಟ್ ಕೇಳುತ್ತದೆ' ಅನ್ನುವುದು ಈ ವ್ಯಾಪಾರದ ಮುಖ್ಯ ವಾಕ್ಯ. ಆದರೆ ಎರಡು ಕಿವಿಯ ಸದ್ದು ಬೆರೆಯುವುದು ಕೆಳಗೆ, ಕಾಂಡದಲ್ಲಿ. ಹೋಳುಗಳಿಗೆ ತಲುಪುವ ಹೊತ್ತಿಗೆ ಮದುವೆ ಮುಗಿದಿರುತ್ತದೆ.

'ಸಿಂಕ್' ಅನ್ನುವ ಪದದ ಮೇಲೂ ನನಗೆ ಅನುಮಾನ. ಹೆಚ್ಚು ಜೊತೆಗೂಡಿದಷ್ಟೂ ಪ್ರಜ್ಞೆ ಮೇಲೇರುತ್ತದೆ ಅಂತ ಯಾಕೆ ಅಂದುಕೊಳ್ಳಬೇಕು? ಮಿದುಳಿನ ಕೋಟಿಗಟ್ಟಲೆ ಕೋಶಗಳು ನಿಜಕ್ಕೂ ಒಟ್ಟಾಗಿ ಏರಿ ಒಟ್ಟಾಗಿ ಇಳಿಯುವುದು ಗಾಢ ನಿದ್ದೆಯಲ್ಲಿ. ಆಗ ನಾವು ಇರುವುದೇ ಇಲ್ಲ. ಅದಕ್ಕಿಂತ ಜಾಸ್ತಿ ಒಗ್ಗಟ್ಟು ಬಂದರೆ ಅದು ಫಿಟ್ಸ್. ಎಚ್ಚರ ಅಂದರೆ ಒಂದು ಥರ ಸಂತೆಯ ಗದ್ದಲ. ಒಬ್ಬೊಬ್ಬರು ಒಂದೊಂದು ಮಾತಾಡಿದರೇನೇ ಸಂತೆ. ಎಲ್ಲರೂ ಒಟ್ಟಿಗೆ ಒಂದೇ ಪದ ಕೂಗಿದರೆ ವ್ಯಾಪಾರ ನಿಂತಿದೆ ಅಂತಲೇ ಅರ್ಥ.

ಈ ಪದಕ್ಕೆ ಅಮೆರಿಕದ ಸೈನ್ಯವೂ ಮರುಳಾಗಿತ್ತು ಅನ್ನುವುದು ಓದಲು ಮಜಾ. 1983ರ ಜೂನ್‌ನಲ್ಲಿ ವೇಯ್ನ್ ಮೆಕ್‌ಡೊನೆಲ್ ಅನ್ನುವ ಲೆಫ್ಟಿನೆಂಟ್ ಕರ್ನಲ್ ಮನ್ರೋ ಸಂಸ್ಥೆಯ 'ಗೇಟ್‌ವೇ' ತರಬೇತಿಯ ಮೇಲೆ ಒಂದು ವರದಿ ಬರೆದ. 29 ಪುಟ. ಸೈನ್ಯದ ವರದಿ ಅಂದರೆ ಬೂಟು, ಬಂದೂಕು, ಸಂಖ್ಯೆ ಇರಬೇಕು ತಾನೇ? ಇದರಲ್ಲಿ ಹಾಲೋಗ್ರಾಮ್ ಇದೆ, ವಿಶ್ವದ ಆಕಾರ ಇದೆ, ಕಾಲ ದೇಶಗಳ ಆಚೆಗೆ ಹೋಗುವ ಪ್ರಜ್ಞೆ ಇದೆ. ಸಾಮಾನ್ಯ ಮನಸ್ಸು ಮಾಮೂಲಿ ಬಲ್ಬಿನ ಹಾಗೆ, ಬೆಳಕು ಎಲ್ಲ ಕಡೆ ಚೆಲ್ಲುತ್ತದೆ. ಹೆಮಿ-ಸಿಂಕ್ ಆದ ಮನಸ್ಸು ಲೇಸರ್ ಹಾಗೆ ಅಂತ ಹೋಲಿಕೆ ಕೊಡುತ್ತಾನೆ. ಗುಟ್ಟಾಗಿದ್ದ ಈ ವರದಿ 2003ರಲ್ಲಿ ಹೊರಗೆ ಬಂದಾಗ 25ನೇ ಪುಟ ಇರಲಿಲ್ಲ. ಅಷ್ಟು ಸಾಕಾಯಿತು. ಆ ಒಂದು ಪುಟದಲ್ಲೇ ಎಲ್ಲ ರಹಸ್ಯ ಇದೆ ಅಂತ ಜನ ವರ್ಷಗಟ್ಟಲೆ ತಲೆ ಕೆಡಿಸಿಕೊಂಡರು. ಕೊನೆಗೆ ಪುಟ ಸಿಕ್ಕಿತು. ಉಳಿದ 28ರಲ್ಲಿ ಇದ್ದದ್ದೇ ಅದರಲ್ಲೂ ಮುಂದುವರಿದಿತ್ತು.

ನನ್ನ ಮೋನೋ ಸ್ವಿಚ್‌ಗೆ ವಾಪಸ್ ಬರುತ್ತೇನೆ. ರೈಲು ನಿಂತ ದಿನ ನಾನು ತಮ್ಮನಿಗೆ "ನಿನ್ನ ಫೋಕಸ್ ಹತ್ತು ಬರೀ ಬುರುಡೆ, ನಂಗೆ ಅದು ಮೋನೋದಲ್ಲೇ ಬಂತು" ಅಂದೆ. ಗೆದ್ದ ಖುಷಿ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೋನೋ ಮಾಡಿದ್ರೆ ಎರಡು ಸ್ವರ ಫೋನೊಳಗೇ ಬೆರೀತವೆ ಕಣಕ್ಕಾ. ಆಗ ಬೀಟ್ ನಿಜವಾಗ್ಲೂ ಇರತ್ತೆ. ಕಿವಿಗೇ ಬರತ್ತೆ" ಅಂದ.

ಹೌದಲ್ಲ! ಶ್ರುತಿ ಮಾಡುವ ತಂತಿಗಳ ಹಾಗೆ. ನನಗೆ ಸಿಕ್ಕಿದ್ದು ತಲೆಯೊಳಗಿನ ಬೀಟ್ ಅಲ್ಲ, ಹೊರಗಿನ ಬೀಟ್. ಹುಡುಕಿದಾಗ ಇನ್ನೂ ತಮಾಷೆಯ ಸಂಗತಿ ಸಿಕ್ಕಿತು. 2020ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಎರಡನ್ನೂ ಪಕ್ಕಪಕ್ಕ ಇಟ್ಟು, ತಲೆಯ ಮೇಲಿಂದ ಮಿದುಳಿನ ವಿದ್ಯುತ್ತನ್ನು ದಾಖಲಿಸುವ ಇಇಜಿಯಲ್ಲಿ ಅಳೆದಿದ್ದಾರೆ. ಮಿದುಳು ಎರಡರ ಲಯವನ್ನೂ ಹಿಂಬಾಲಿಸಿತು, ಆದರೆ ಬೆರೆಸಿ ಕೊಟ್ಟ ಮಾಮೂಲಿ ಬೀಟ್‌ನ ಲಯವನ್ನೇ ಹೆಚ್ಚು ಗಟ್ಟಿಯಾಗಿ. ಕೇಳಿದವರ ಮನಸ್ಥಿತಿ ಮಾತ್ರ ಎರಡರಿಂದಲೂ ಬದಲಾಗಲಿಲ್ಲ. ಮನ್ರೋ 1975ರಲ್ಲಿ ಪಡೆದ ಮೊದಲ ಪೇಟೆಂಟ್‌ನಲ್ಲೂ ಎರಡು ಕಿವಿಯ ಆಟ ಮುಖ್ಯ ಅಲ್ಲ. ಕೇಳಲು ಹಿತವಾದ ಒಂದು ಸದ್ದನ್ನು ನಿದ್ದೆಯ ಮಿದುಳಲೆಯ ಲಯದಲ್ಲಿ ಏರಿಳಿಸಿ ನಿದ್ದೆ ತರಿಸುವ ವಿಧಾನ ಅದು. ಅಂದರೆ ನನ್ನ ಮರೆವಿನಿಂದ ನಾನು ಹಳೇ ಮನ್ರೋ ಕಡೆಗೇ ಹೋಗಿದ್ದೆ!

ಹಾಗಾದರೆ ಬೀಟ್‌ಗೇ ಏನಾದರೂ ಶಕ್ತಿ ಇದೆಯಾ? ತಮ್ಮ ಒಂದು ಉಪಾಯ ಮಾಡಿದ. ಅಡಾಸಿಟಿ ಅನ್ನುವ ಉಚಿತ ಸಾಫ್ಟ್‌ವೇರ್‌ನಲ್ಲಿ ಎಂಟು ಫೈಲು ತಯಾರಿಸಿದ. ಎಲ್ಲದರ ಮೇಲೂ ಅದೇ ಮಳೆ. ಕೆಳಗೆ ನಾಲ್ಕರಲ್ಲಿ 200 ಮತ್ತು 207, ಇನ್ನು ನಾಲ್ಕರಲ್ಲಿ ಎರಡು ಕಿವಿಗೂ ಬರೀ 200. ಒಂದರಿಂದ ಎಂಟು ಅಂತ ಕಲಸಿ ನಂಬರ್ ಹಾಕಿ, ಯಾವುದು ಯಾವುದು ಅಂತ ಬರೆದ ಚೀಟಿಯನ್ನು ಲಕೋಟೆಯೊಳಗೆ ಅಂಟಿಸಿಟ್ಟ. ಮೋನೋ ಆಫ್. ಎಂಟು ರಾತ್ರಿ ಕೇಳಿ, ಬೆಳಗ್ಗೆ ಎದ್ದ ತಕ್ಷಣ ಎರಡು ಸಾಲು ಬರೆದೆ. 'ನಿದ್ದೆ.' 'ನಿದ್ದೆ, ಇಯರ್‌ಫೋನ್ ಕತ್ತಿನ ಕೆಳಗೆ.' 'ಪೂರ್ತಿ ಎಚ್ಚರ, ನಾಳೆಯ ಕೆಲಸದ ಯೋಚನೆ.' 'ಕೈ ಹೋಯಿತು.' ಹೀಗೆ.

ಕೈ ಹೋದ ರಾತ್ರಿಗಳು ಎರಡು. ಲಕೋಟೆ ಬಿಚ್ಚಿದೆವು. ಒಂದರಲ್ಲಿ ಬೀಟ್ ಇತ್ತು, ಇನ್ನೊಂದರಲ್ಲಿ ಇರಲಿಲ್ಲ.

ಎಂಟು ರಾತ್ರಿ, ಒಬ್ಬಳೇ ಹೆಂಗಸು. ಇದನ್ನು ಪ್ರಯೋಗ ಅಂತ ಕರೆದರೆ ನಿಜವಾದ ಪ್ರಯೋಗ ಮಾಡುವವರು ನಗುತ್ತಾರೆ. ಅವರದ್ದಾದರೂ ಏನು ಹೇಳುತ್ತದೆ? ಅಡ್ಡಗೋಡೆಯ ಮೇಲೆ ದೀಪ. 2005ರಲ್ಲಿ ಶಸ್ತ್ರಚಿಕಿತ್ಸೆಗೆ ಕಾಯುತ್ತಿದ್ದ 108 ಜನರನ್ನು ಮೂರು ಗುಂಪು ಮಾಡಿ ನೋಡಿದ ಒಂದು ಅಧ್ಯಯನ ಇದೆ. ಬೀಟ್ ಇದ್ದ ಸದ್ದು ಕೇಳಿದವರ ಆತಂಕ ಶೇ. 26ರಷ್ಟು ಇಳಿಯಿತು. ಬೀಟ್ ತೆಗೆದು ಅದೇ ಸದ್ದು ಕೇಳಿದವರದ್ದು ಶೇ. 11. ಏನೂ ಕೇಳದವರದ್ದು ಶೇ. 4ಕ್ಕಿಂತ ಕಮ್ಮಿ. ಇದನ್ನು 'ಸುಮ್ನೆ ನಂಬಿಕೆ' ಅಂತ ತಳ್ಳಿಹಾಕಲು ಆಗುವುದಿಲ್ಲ. ಹೋಲಿಸಿ ನೋಡಲು ಸರಿಯಾದ ಗುಂಪನ್ನೇ ಇಟ್ಟಿದ್ದಾರೆ. ಇನ್ನೊಂದು ಕಡೆ, ಮಿದುಳು ನಿಜಕ್ಕೂ ಬೈನಾರಲ್ ಬೀಟ್‌ನ ಲಯಕ್ಕೆ ಬರುತ್ತದಾ ಅಂತ ಕೇಳಿದ 14 ಅಧ್ಯಯನಗಳನ್ನು 2023ರಲ್ಲಿ ಒಟ್ಟಿಗೆ ಪರಿಶೀಲಿಸಿದಾಗ 5 ಹೌದು ಅಂದವು, 8 ಇಲ್ಲ ಅಂದವು, 1 ಎರಡೂ ಅಂದಿತು. ಆತಂಕ ಇಳಿದಿರಬಹುದು. ಆದರೆ ಅದು 'ಮಿದುಳಲೆ ಜೊತೆಗೂಡಿದ್ದರಿಂದ' ಅನ್ನುವುದು ನಿಂತಿಲ್ಲ.

ನನಗನ್ನಿಸುವುದು ಇಷ್ಟು. ಆ ರಾತ್ರಿ ನನ್ನ ಕೈ ಮಾಯವಾಗಲು ಏಳು ಹರ್ಟ್ಜ್ ಬೇಕಿರಲಿಲ್ಲ. ಬೇಕಿದ್ದದ್ದು ಇಪ್ಪತ್ತು ನಿಮಿಷ ಅಲ್ಲಾಡದೆ ಇರುವುದು. ಕೈ ಎಲ್ಲಿದೆ ಅಂತ ಮಿದುಳಿಗೆ ಗೊತ್ತಾಗುವುದು ಹೊಸ ಹೊಸ ಸುದ್ದಿಯಿಂದ. ಉಗುರು ಸೋಕಿತು, ಬಟ್ಟೆ ಜರುಗಿತು, ಸ್ನಾಯು ಎಳೆಯಿತು. ಸುದ್ದಿ ನಿಂತರೆ ನಕ್ಷೆ ಮಸುಕಾಗುತ್ತದೆ. ಮೇಲೆ ತೇಲಿದ್ದೂ ಅಷ್ಟೇನೂ ಪರಲೋಕದ್ದಲ್ಲ. 2002ರಲ್ಲಿ ಸ್ವಿಟ್ಜರ್ಲೆಂಡಿನ ಓಲಾಫ್ ಬ್ಲಾಂಕೆ ಮತ್ತು ಜೊತೆಯವರು, ಅಪಸ್ಮಾರದ ಒಬ್ಬ ಹೆಂಗಸಿನ ಮಿದುಳಿನ ಬಲಗಡೆ, ಕಿವಿಯ ಹಿಂಭಾಗಕ್ಕೆ ಹತ್ತಿರದ ಒಂದು ಜಾಗಕ್ಕೆ ಸಣ್ಣ ವಿದ್ಯುತ್ ಕೊಟ್ಟಾಗ, ಆಕೆ ತಾನು ಮೇಲಿನಿಂದ ತನ್ನನ್ನೇ ನೋಡುತ್ತಿದ್ದೇನೆ ಅಂದಳಂತೆ. ಮೈಯ ಸಮತೋಲ, ಸ್ಪರ್ಶ, ನೋಟ ಮೂರೂ ಸೇರುವ ಜಾಗ ಅದು. ಆ ಲೆಕ್ಕ ತಪ್ಪಿದರೆ ನಾನು ಎಲ್ಲಿದ್ದೇನೆ ಅನ್ನುವುದೂ ತಪ್ಪುತ್ತದೆ. ನಿದ್ದೆಗೆ ಜಾರುವ ಹೊಸ್ತಿಲಲ್ಲಿ ಈ ಲೆಕ್ಕಗಳೆಲ್ಲ ಒಟ್ಟಿಗೆ ಮುಚ್ಚುವುದಿಲ್ಲ. ಒಂದು ಅಂಗಡಿ ಮೊದಲು, ಇನ್ನೊಂದು ಆಮೇಲೆ.

ಹೆಮಿ-ಸಿಂಕ್ ಮಾಡಿದ್ದು ಏನು ಅಂದರೆ, ಆ ಹೊಸ್ತಿಲಲ್ಲಿ ನನ್ನನ್ನು ಸ್ವಲ್ಪ ಹೊತ್ತು ನಿಲ್ಲಿಸಿದ್ದು. ಮಳೆ ಸದ್ದು ಹೊರಗಿನದ್ದನ್ನು ಮುಚ್ಚಿತು. 'ಏನೋ ಆಗುತ್ತದೆ' ಅನ್ನುವ ನಿರೀಕ್ಷೆ ನನ್ನನ್ನು ಪೂರ್ತಿ ಜಾರಲು ಬಿಡಲಿಲ್ಲ. ಸುಮ್ಮನೆ ಮಲಗು ಅಂದಿದ್ದರೆ ನಾನು ಯಾವತ್ತೂ ಇಪ್ಪತ್ತು ನಿಮಿಷ ಅಲ್ಲಾಡದೆ ಮಲಗುತ್ತಿರಲಿಲ್ಲ. ವಿಜ್ಞಾನದ ಹೆಸರಿಟ್ಟು ಹೇಳಿದ್ದಕ್ಕೆ ಮಲಗಿದೆ. ಇದನ್ನು ಮೋಸ ಅನ್ನಬೇಕಾ ಉಪಕಾರ ಅನ್ನಬೇಕಾ ಅಂತ ನನಗೆ ದಿನಕ್ಕೊಂದು ಥರ ಅನ್ನಿಸುತ್ತದೆ. ಆದರೆ 'ಹತ್ತು ದಿನದಲ್ಲಿ ಡಿಎನ್ಎ ರಿಪೇರಿ' ಅಂತ ಇದೇ ಸದ್ದಿಗೆ ಚೀಟಿ ಅಂಟಿಸುವವರನ್ನು ನೋಡಿದರೆ ಯಾವ ದಿನವಾದರೂ ಸಿಟ್ಟೇ ಬರುತ್ತದೆ. ಗಾಡಿ ಓಡಿಸುವಾಗ ಕೇಳಬೇಡಿ, ಫಿಟ್ಸ್ ಇರುವವರು ವೈದ್ಯರನ್ನು ಕೇಳದೆ ಮುಟ್ಟಬೇಡಿ ಅನ್ನುವ ಎರಡು ಮಾತು ಹೇಳುವುದು ಬಿಟ್ಟು ಡಿಎನ್ಎ ಅಂತೆ!

ನಿದ್ದೆ ಈಗ ಪರವಾಗಿಲ್ಲ. ಮಳೆ ಸದ್ದು ಅಪರೂಪಕ್ಕೆ ಹಾಕುತ್ತೇನೆ. ಜಾಸ್ತಿ ಹಾಕುವುದು ಮಳೆ ಇಲ್ಲದ, ಬರೀ ಎರಡು ಸ್ವರದ ಫೈಲು.

ಮೊನ್ನೆ ತಮ್ಮ ಬಂದಿದ್ದ. ಒಂದು ಕಿವಿಗೆ 200, ಇನ್ನೊಂದಕ್ಕೆ 200.25 ಹಾಕಿಕೊಟ್ಟೆ. ಅಂತರ ಕಾಲು ಹರ್ಟ್ಜ್ ಅಷ್ಟೇ. ಆಗ ನಡುಕ ಇರುವುದಿಲ್ಲ, ಸದ್ದು ನಾಲ್ಕು ಸೆಕೆಂಡಿಗೊಮ್ಮೆ ತಲೆಯೊಳಗೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಆರಾಮಾಗಿ ನಡೆದು ಹೋಗುತ್ತದೆ. "ಕಣ್ಣು ಮುಚ್ಚು, ಸದ್ದು ಎಲ್ಲಿದೆ ಅಂತ ಬೆರಳಲ್ಲಿ ತೋರಿಸು" ಅಂದೆ. ಬೆರಳು ಎಡಗಿವಿಯ ಹತ್ತಿರ ಶುರುವಾಗಿ, ಹಣೆಯ ಮುಂದೆ ಹಾದು, ಬಲಗಿವಿಗೆ ಬಂತು. ಮತ್ತೆ ಎಡಕ್ಕೆ. ಮತ್ತೆ ಬಲಕ್ಕೆ. ನಾಲ್ಕನೇ ಸುತ್ತಿನಲ್ಲಿ ಬೆರಳು ಮೂಗಿನ ನೇರಕ್ಕೆ ಬಂದಾಗ ಅವನ ಎಡಗಿವಿಯ ಇಯರ್‌ಫೋನನ್ನು ಮೆಲ್ಲಗೆ ಎಳೆದೆ.

ಬೆರಳು ಥಟ್ಟನೆ ಬಲಗಿವಿಗೆ ಹೋಗಿ ಅಂಟಿಕೊಂಡು ನಿಂತಿತು. "ಎಲ್ಲಿ ಹೋಯ್ತಕ್ಕಾ?" ಅಂದ, ಕಣ್ಣು ಬಿಡದೆ.